ಬಿಟಿ ಬದನೆ: ತೀರ್ಮಾನಿಸುವ ಸಮಿತಿಗಳು ಮತ್ತು ಅಡುಗೆ ಮಾಡುವ ನಾವು



ಬದನೆಕಾಯಿಯ ಬಗ್ಗೆ ನಮ್ಮಂಥ ಹೋಟೆಲಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎಣ್ಣೆಗಾಯಿಗೆ ಯಾವುದು, ವಾಂಗೀಬಾತಿಗೆ ಯಾವುದು, ಭರತಕ್ಕೆ ಯಾವುದು ಎಂದು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಕಣ್ಣು ಮುಚ್ಚಿಕೊಂಡು ಮುಟ್ಟಿ ಹೇಳುವವರು ನಮ್ಮಲ್ಲಿದ್ದಾರೆ. ಆದರೆ ಆ ಬದನೆಯ ಬೀಜವನ್ನು ಪ್ರಯೋಗಶಾಲೆಯಲ್ಲಿ ಬದಲಾಯಿಸಿದರೆ ಅದನ್ನು ಬೆಳೆಯಬಹುದೇ, ಮಾರಬಹುದೇ ಎಂದು ತೀರ್ಮಾನ ಮಾಡುವವರು ಯಾರು? ಆ ತೀರ್ಮಾನದಲ್ಲಿ ಬೆಳೆಯುವವನಿಗೆ, ಬೇಯಿಸುವವನಿಗೆ, ತಿನ್ನುವವನಿಗೆ ಎಷ್ಟು ಮಾತಿದೆ? ಈ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಬಹುತೇಕ ಮಂದಿಗೆ ಅದು ಪುಸ್ತಕದ ಬದನೆಕಾಯಿ. ನಾವು ಓದಿದ್ದು ಹತ್ತನೆಯ ತರಗತಿ ಮಾತ್ರ. ಆದರೂ ಪೇಪರು, ಪುಸ್ತಕ, ಸರಕಾರಿ ಆದೇಶಗಳನ್ನು ಓದಿ, ತಿಳಿದವರಲ್ಲಿ ಕೇಳಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಯಾಕೆಂದರೆ ಗಿರಾಕಿ ಪ್ರಶ್ನೆ ಕೇಳುವುದು ದಿಲ್ಲಿಯ ಸಮಿತಿಯನ್ನಲ್ಲ, ನಮ್ಮ ಗಲ್ಲೆಯ ಮುಂದೆ ನಿಂತು ನಮ್ಮನ್ನು.

ಬಿಟಿ ಬದನೆ ಎಂದರೇನು?

ಬದನೆಯ ದೊಡ್ಡ ಶತ್ರು ಕಾಯಿಕೊರಕ ಹುಳ. ಚಿಗುರನ್ನೂ ಕೊರೆಯುತ್ತದೆ, ಕಾಯಿಯನ್ನೂ ಕೊರೆಯುತ್ತದೆ. ಐನೂರು ಜನರ ಮದುವೆಗೆ ಎಣ್ಣೆಗಾಯಿ ಮಾಡುವಾಗ ಒಂದೊಂದು ಕಾಯಿಯನ್ನೂ ಸೀಳಿ ಒಳಗೆ ನೋಡಿ ಉಪ್ಪುನೀರಿಗೆ ಹಾಕುವ ಕೆಲಸ ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು. ಮೇಲಿನಿಂದ ಹೊಳೆಯುವ ಕಾಯಿಯ ಒಳಗೆ ಹುಳ ಕೂತಿರುತ್ತದೆ. ಒಳಗೆ ಸೇರಿದ ಮೇಲೆ ಔಷಧ ಅದಕ್ಕೆ ತಾಗುವುದಿಲ್ಲ, ಆದ್ದರಿಂದ ರೈತ ಮತ್ತೆ ಮತ್ತೆ ಸಿಂಪಡಿಸುತ್ತಾನೆ. ಆ ಔಷಧದ ಅಂಶವೂ ನಮ್ಮ ಪಾತ್ರೆಗೇ ಬರುವುದು. ಬಿಟಿಯನ್ನು ಬೈಯುವವರು ಇದನ್ನೂ ನೆನಪಿಡಬೇಕು.

ಮಣ್ಣಿನಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಾಣು ಇದೆ. ಅದರ ಹೆಸರಿನ ಎರಡು ಅಕ್ಷರವೇ ಬಿಟಿ. ಇದು ತಯಾರಿಸುವ ಒಂದು ಪ್ರೋಟೀನು ಹುಳದ ಹೊಟ್ಟೆಯ ಕ್ಷಾರದಲ್ಲಿ ಕರಗಿ ಅದರ ಕರುಳನ್ನು ತೂತು ಮಾಡುತ್ತದೆ. ಮನುಷ್ಯನ ಹೊಟ್ಟೆಯಲ್ಲಿರುವುದು ಆಮ್ಲ, ಅಲ್ಲಿ ಅದು ಹಾಗೆ ಕೆಲಸ ಮಾಡುವುದಿಲ್ಲ ಎಂಬುದು ವಿಜ್ಞಾನಿಗಳ ವಿವರಣೆ. ಆ ಪ್ರೋಟೀನು ತಯಾರಿಸುವ ವಂಶವಾಹಿಯನ್ನು ಬದನೆಯ ಗಿಡಕ್ಕೇ ಸೇರಿಸಿದರೆ ಗಿಡವೇ ತನ್ನ ಔಷಧವನ್ನು ಮಾಡಿಕೊಳ್ಳುತ್ತದೆ. ಇದೇ ಬಿಟಿ ಬದನೆ. ಹೀಗೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ಬೆಳೆಗೆ ಕನ್ನಡದಲ್ಲಿ ಕುಲಾಂತರಿ ಎನ್ನುತ್ತಾರೆ. ಕಾಯಿಕೊರಕಕ್ಕೆ ಸಿಂಪಡಿಸುವುದು ಕಡಿಮೆಯಾಗುತ್ತದೆ, ಆದರೆ ರಸ ಹೀರುವ ಹುಳಗಳಿಗೆ ಸಿಂಪಡಣೆ ಬೇಕೇ ಬೇಕು.

ನಮ್ಮ ದೇಶದಲ್ಲಿ ಇದನ್ನು ತಯಾರಿಸಿದ್ದು ಮಹಾರಾಷ್ಟ್ರದ ಮಹಿಕೋ ಕಂಪೆನಿ. ಜೊತೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದ್ದವು. ಧಾರವಾಡದವರು 2005ರಲ್ಲಿ ಒಪ್ಪಂದ ಮಾಡಿಕೊಂಡು ಊರ ತಳಿಗಳಿಗೇ ಈ ಗುಣ ಸೇರಿಸಲು ಹೊರಟರು. ಆ ಪಟ್ಟಿಯಲ್ಲಿ ಮಲಾಪುರ, ಕುಡಚಿ ತಳಿಗಳಿದ್ದವು, ಇಲ್ಲಿಯ ಭರಲೀ ವಾಂಗಿಗೆ ಹೆಸರಾದ ಮಾಂಜರಿ ಗೋಟಾ ಇತ್ತು, ಉಡುಪಿ ಲೋಕಲ್ ಎಂಬುದೂ ಇತ್ತು. ಉಡುಪಿ ಲೋಕಲ್ ಎಂದರೆ ಗೊತ್ತಾಯಿತಲ್ಲ? ನಮ್ಮ ಗುಳ್ಳ!

ಗುಳ್ಳದ ಸಂಗತಿ

ಕಟಪಾಡಿಯ ಹತ್ತಿರದ ಮಟ್ಟು ಗ್ರಾಮದ ಗುಳ್ಳವನ್ನು ನಮ್ಮ ಸದಸ್ಯರಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ತಿಳಿಹಸುರು ಬಣ್ಣ, ಬಿಳಿ ಗೆರೆ, ದುಂಡು ಆಕಾರ, ತೊಟ್ಟಿನಲ್ಲಿ ಮುಳ್ಳು, ತೆಳು ಸಿಪ್ಪೆ. ಸೋದೆ ಮಠದ ವಾದಿರಾಜ ಸ್ವಾಮಿಗಳು ಮಟ್ಟುವಿನವರಿಗೆ ಬೀಜ ಕೊಟ್ಟು ಹರಸಿದರು ಎಂಬ ಪ್ರತೀತಿ ಇದೆ. ಪರ್ಯಾಯದ ಹೊರೆಕಾಣಿಕೆಗೆ ಗುಳ್ಳ ಹೋಗುತ್ತದೆ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅಂದರೆ ಬೇರೆ ಕಡೆ ಬೆಳೆದದ್ದನ್ನು ಮಟ್ಟುಗುಳ್ಳ ಎಂದು ಮಾರುವಂತಿಲ್ಲ. (ಮಾಟುಂಗಾದಲ್ಲಿ ಗುಳ್ಳ ಎಂದು ಕೊಡುವುದೆಲ್ಲ ಮಟ್ಟುವಿನದೇ ಎಂದು ನಂಬಿ ದುಡ್ಡು ಕೊಡುವವರು ಇದನ್ನು ಒಮ್ಮೆ ಯೋಚಿಸಬೇಕು.)

ಬದನೆ ಹೆಚ್ಚಾಗಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಆದರೂ ಜೇನು, ದುಂಬಿಗಳು ಅಷ್ಟಿಷ್ಟು ಪರಾಗವನ್ನು ಆಚೆ ಈಚೆ ಒಯ್ಯುತ್ತವೆ. ಪಕ್ಕದ ಗದ್ದೆಯಲ್ಲಿ ಬಿಟಿ ಬೆಳೆದರೆ ನಮ್ಮ ಬೀಜಕ್ಕೆ ಬೆರಕೆಯಾಗದೇ ಎಂದು ಬೀಜ ಉಳಿಸಿಕೊಂಡು ಬಂದ ರೈತ ಕೇಳಿದರೆ ಅದನ್ನು ಅಜ್ಞಾನ ಎನ್ನಲಾಗದು. ಅವನ ತಳಿಗೆ ಅದರ ಹೆಸರೇ ಬಂಡವಾಳ. ನಮಗೆ ನಮ್ಮ ಹೋಟೆಲಿನ ಬೋರ್ಡು ಇದ್ದ ಹಾಗೆ.

ಊರ ತಳಿ ತೆಗೆದುಕೊಳ್ಳುವ ಮೊದಲು ಊರಿನವರನ್ನು ಕೇಳಬೇಕು ಎಂದು ಕಾನೂನೇ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿ, ಪುರಸಭೆ, ಮಹಾನಗರಪಾಲಿಕೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2004ರ ನಿಯಮಗಳು ಅದಕ್ಕೆ ಒಬ್ಬ ಅಧ್ಯಕ್ಷ ಮತ್ತು ಆರು ಮಂದಿಯವರೆಗೆ ಸದಸ್ಯರು ಎಂದವು, ಮೂರನೆಯ ಒಂದು ಪಾಲು ಹೆಂಗಸರು ಇರಬೇಕೆಂದವು. ಕೃಷಿಕರು, ನಾಟಿ ವೈದ್ಯರು, ಮೀನುಗಾರರು, ಬಳಕೆದಾರ ಸಂಘಗಳ ಪ್ರತಿನಿಧಿಗಳು ಇಂಥವರೆಲ್ಲ ಇದರಲ್ಲಿ ಕೂರಬಹುದು. ಊರಿನ ಬೀಜ, ಗಿಡ, ಮದ್ದು, ಪ್ರಾಣಿಗಳ ದಾಖಲೆ ಪುಸ್ತಕವನ್ನು ಜನರ ಜೊತೆ ಕೂತು ಬರೆಯುವುದು ಇವರ ಮುಖ್ಯ ಕೆಲಸ. ಸಂಬಳದ ನೌಕರಿಯಲ್ಲ, ಊರ ಕೆಲಸ ಎಂದು ಮಾಡುವಂಥದ್ದು. ಆದರೆ ಬಹಳ ಕಡೆ ಈ ಸಮಿತಿಗಳು ವರ್ಷಗಟ್ಟಲೆ ಕಾಗದದ ಮೇಲೂ ಇರಲಿಲ್ಲ.

ಬೆಂಗಳೂರಿನ ಎನ್‌ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2010ರ ಫೆಬ್ರವರಿಯಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಊರ ಬದನೆ ತಳಿಗಳನ್ನು ಅನುಮತಿ ಇಲ್ಲದೆ, ಸ್ಥಳೀಯ ಸಮಿತಿಗಳನ್ನು ಕೇಳದೆ ಬಳಸಿದ್ದಾರೆ ಎಂಬುದು ಆರೋಪ. 2012ರಲ್ಲಿ ಪ್ರಕರಣ ಧಾರವಾಡದ ಕೋರ್ಟಿಗೆ ಹೋಯಿತು. ಸಂಬಂಧಪಟ್ಟವರು ಆರೋಪವನ್ನು ಒಪ್ಪಲಿಲ್ಲ. ಕೋರ್ಟಿನ ವಿಷಯ ಕೋರ್ಟಿಗೆ ಬಿಡೋಣ. ನಮಗೆ ಮುಖ್ಯವಾದದ್ದು ಇಷ್ಟು: ಸಂಶೋಧನೆ ಮುಗಿದು ಬದನೆ ತಯಾರಾದ ಮೇಲೆ 'ಕೇಳಿದ್ದೀರಾ?' ಎಂಬ ಪ್ರಶ್ನೆ ಎದ್ದಿತು. ಮದುವೆ ಊಟ ಬಡಿಸಿದ ಮೇಲೆ ಮೆನು ಕೇಳಿದ ಹಾಗೆ.

ದಿಲ್ಲಿಯ ಸಮಿತಿ ಮತ್ತು ಏಳು ಊರಿನ ಸಭೆ

ಕುಲಾಂತರಿ ಬೆಳೆಗೆ ಒಪ್ಪಿಗೆ ಕೊಡುವ ಸಮಿತಿಗೆ ಇಂಗ್ಲಿಷಿನ ಮೊದಲಕ್ಷರಗಳಿಂದ ಜಿಇಎಸಿ ಎನ್ನುತ್ತಾರೆ. 1989ರ ನಿಯಮಗಳಂತೆ ಪರಿಸರ ಮಂತ್ರಾಲಯದ ಕೆಳಗೆ ರಚನೆಯಾದದ್ದು. ಅಧಿಕಾರಿಗಳು, ವಿಜ್ಞಾನಿಗಳು ಕೂತು ಕಡತ ನೋಡಿ ತೀರ್ಮಾನಿಸುತ್ತಾರೆ. 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟದ್ದು ಇದೇ ಸಮಿತಿ. 2008ರಲ್ಲಿ ಸುಪ್ರೀಂ ಕೋರ್ಟು ಹೈದರಾಬಾದಿನ ವಿಜ್ಞಾನಿ ಪಿ. ಎಂ. ಭಾರ್ಗವರನ್ನು ಈ ಸಮಿತಿಗೆ ವಿಶೇಷ ಆಹ್ವಾನಿತರನ್ನಾಗಿ ಕಳುಹಿಸಿತು. ಪರೀಕ್ಷೆಗಳು ಸಾಲವು ಎಂದು ಅವರು ಹೇಳುತ್ತಲೇ ಬಂದರು. ಆದರೂ 2009ರ ಅಕ್ಟೋಬರ್ 14ರಂದು ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿಸಿತು.

ಆಗ ಪರಿಸರ ಮಂತ್ರಿಯಾಗಿದ್ದವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್. ಅವರು ಸಹಿ ಹಾಕುವ ಮೊದಲು ಜನರನ್ನು ಕೇಳುತ್ತೇನೆ ಎಂದರು. 2010ರ ಜನವರಿ 13ರಂದು ಕೋಲ್ಕತ್ತಾದಲ್ಲಿ ಶುರುವಾಗಿ ಭುವನೇಶ್ವರ, ಅಹಮದಾಬಾದ್, ನಾಗಪುರ, ಚಂಡೀಗಢ, ಹೈದರಾಬಾದ್ ಸುತ್ತಿ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಕೊನೆಯ ಸಭೆ ನಡೆಯಿತು. ಸುಮಾರು 8000 ಜನ ಭಾಗವಹಿಸಿದರು. ಗಲಾಟೆ, ಘೋಷಣೆ ಎಲ್ಲ ಆಯಿತು. ವಿಜ್ಞಾನಿಗಳೇ ಎರಡು ಪಂಗಡವಾದರು. ಬದನೆ ಹೆಚ್ಚು ಬೆಳೆಯುವ ಪಶ್ಚಿಮ ಬಂಗಾಳ, ಒಡಿಶಾ, ಬಿಹಾರ ಸರಕಾರಗಳು ಬೇಡ ಎಂದವು. ಕರ್ನಾಟಕ ಸರಕಾರವೂ ಎಲ್ಲ ಕೋನದಿಂದ ಪರಿಶೀಲಿಸುವ ತನಕ ತಡೆಯಿರಿ ಎಂದಿತು. ಫೆಬ್ರವರಿ 9ರಂದು ಮಂತ್ರಿಗಳು ಬಿಟಿ ಬದನೆಗೆ ತಡೆ ಹಾಕಿದರು. ಅವಸರ ಮಾಡುವ ಅಗತ್ಯ ಕಾಣುವುದಿಲ್ಲ, ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಸ್ವತಂತ್ರ ಪರೀಕ್ಷೆ ಆಗಬೇಕು, ಜನರಿಗೆ ನಂಬಿಕೆ ಬರಬೇಕು ಎಂಬುದು ಅವರು ಕೊಟ್ಟ ಕಾರಣ. ಅದೇ ವರ್ಷ ಜಿಇಎಸಿಯ ಹೆಸರಿನಲ್ಲಿದ್ದ 'ಒಪ್ಪಿಗೆ' ಎಂಬ ಪದ ಹೋಗಿ 'ಮೌಲ್ಯಮಾಪನ' ಎಂಬ ಪದ ಬಂತು. ಇಂಗ್ಲಿಷಿನಲ್ಲಿ ಎರಡೂ ಒಂದೇ ಅಕ್ಷರದಿಂದ ಶುರುವಾಗುವುದರಿಂದ ಮೊಹರು ಬದಲಾಯಿಸುವ ಖರ್ಚು ಉಳಿಯಿತು!

ಮಹಾರಾಷ್ಟ್ರದ ಸಭೆ ನಡೆದದ್ದು ನಾಗಪುರದಲ್ಲಿ. ಠಾಕುರ್ಲಿಯಿಂದ ಅದು ಒಂದು ರಾತ್ರಿಯ ರೈಲಿನ ದಾರಿ. ನಮಗೆ ಗೊತ್ತಿರುವ ಹೋಟೆಲಿನವರಲ್ಲಿ, ಕ್ಯಾಟರಿಂಗಿನವರಲ್ಲಿ ಯಾರೂ ಹೋದದ್ದು ಕೇಳಿಲ್ಲ. ರೈತ ಸಂಘದವರಿದ್ದರು, ಬೀಜ ಕಂಪೆನಿಯವರಿದ್ದರು, ವಿಜ್ಞಾನಿಗಳಿದ್ದರು, ಗ್ರಾಹಕರ ಪರ ಮಾತಾಡುವವರಿದ್ದರು. ಚಂಪಾಷಷ್ಠಿಯ ದಿನ ಖಂಡೋಬನಿಗೆ ಬದನೆ ಭರತದ ನೈವೇದ್ಯ ಆಗುವ ಊರಿನಲ್ಲಿ, ಆ ವಾರ ಮೂಟೆಗಟ್ಟಲೆ ಬದನೆ ಕೊಳ್ಳುವ ನಮ್ಮ ಧಂದೆಯವರಿಗೆ ಹೇಳಲು ಏನೂ ಇಲ್ಲವೇ? ಎಷ್ಟು ಕಾಯಿ ಹುಳಕ್ಕೆ ಹೋಗುತ್ತದೆ, ಗಿರಾಕಿ ಏನು ಕೇಳುತ್ತಾನೆ, ಎರಡು ಬಗೆಯ ಬದನೆ ಮಾರ್ಕೆಟ್ಟಿಗೆ ಬಂದರೆ ಬೇರೆ ಬೇರೆ ಇಡಲು ಸಾಧ್ಯವೇ ಎಂಬುದು ನಮಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಕೊನೆಯ ಪ್ರಶ್ನೆಗೆ ನಮ್ಮ ಉತ್ತರ, ಸಾಧ್ಯವಿಲ್ಲ. ಲಾರಿಯಿಂದ ಇಳಿದ ಕಾಯಿಗೆ ಜಾತಕ ಇರುವುದಿಲ್ಲ. 2019ರಲ್ಲಿ ಹರಿಯಾಣದ ಫತೇಹಾಬಾದಿನಲ್ಲಿ ಒಂದು ಹೊಲದಲ್ಲಿ ಅನುಮತಿಯಿಲ್ಲದ ಬಿಟಿ ಬದನೆ ಪತ್ತೆಯಾಗಿ ಕಿತ್ತು ನಾಶಮಾಡಿದರು. ಅದಕ್ಕೆ ಮೊದಲು ಕೊಯ್ದ ಕಾಯಿ ಯಾವ ಅಡುಗೆಮನೆಗೆ ಹೋಯಿತೋ!

ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟು 2014ರ ಜನವರಿಯಲ್ಲಿ 20 ರೈತರಿಗೆ ಸಸಿ ಹಂಚಿತು, ಆಮೇಲೆ ಬೆಳೆಯುವವರು ಸಾವಿರಗಟ್ಟಲೆ ಆದರು. ನಮ್ಮಲ್ಲಿ 2010ರ ತಡೆ ತೆರವಾಗಿಲ್ಲ. 2020ರಲ್ಲಿ ಬೇರೆ ಎರಡು ಬಿಟಿ ತಳಿಗಳ ಹೊಲದ ಪರೀಕ್ಷೆಗೆ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಲ್ಲಿ, ಆಯಾ ರಾಜ್ಯ ಸರಕಾರ ಒಪ್ಪಿದರೆ ಎಂಬ ಷರತ್ತಿನ ಮೇಲೆ, ಜಿಇಎಸಿ ಅನುಮತಿ ಕೊಟ್ಟಿತು.

ಚಿತ್ರದುರ್ಗದ ಹದಿನಾಲ್ಕು ಮಂದಿ

ಜನಸಾಮಾನ್ಯರನ್ನು ಕೇಳಿದರೆ ಗಲಾಟೆಯೇ ಆಗುತ್ತದೆ, ಅವರಿಗೆ ವಿಜ್ಞಾನ ಏನು ಗೊತ್ತು ಎನ್ನುವವರಿದ್ದಾರೆ. ಅವರಿಗೆ ಚಿತ್ರದುರ್ಗದ ಉದಾಹರಣೆ ಕೊಡಬೇಕು. ಕರ್ನಾಟಕದಲ್ಲಿ ಆಗ ವಾತಾವರಣ ಬಿಸಿಯಾಗಿತ್ತು. 1998ರ ನವೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಹಾಕಿದ್ದರು. ಅಂಥ ಸಮಯದಲ್ಲಿ, 2000ದಲ್ಲಿ, ಆಕ್ಷನ್ ಏಡ್ ಎಂಬ ಸಂಸ್ಥೆ ಚಿತ್ರದುರ್ಗದಲ್ಲಿ 14 ಮಂದಿ ರೈತರ ಒಂದು ತೀರ್ಪುಗಾರರ ಮಂಡಳಿಯನ್ನು ಕೂರಿಸಿತು. ಕೋರ್ಟಿನಲ್ಲಿ ಸಾಕ್ಷಿ ಕೇಳುವ ಹಾಗೆ ಅವರು ಬೀಜ ಕಂಪೆನಿಯವರ ಮಾತನ್ನೂ ಕೇಳಿದರು, ವಿರೋಧಿಗಳ ಮಾತನ್ನೂ ಕೇಳಿದರು, ಪ್ರಶ್ನೆ ಹಾಕಿದರು. ಈ ಹೊಸ ಬೀಜವನ್ನು ನಿಮ್ಮ ಹೊಲದಲ್ಲಿ ಬಿತ್ತುತ್ತೀರಾ ಎಂಬುದೇ ಅವರ ಮುಂದಿದ್ದ ಪ್ರಶ್ನೆ. ಕೊನೆಗೆ ಗುಪ್ತ ಮತದಾನ. 9 ಮಂದಿ ಇಲ್ಲ ಎಂದರು, 4 ಮಂದಿ ಹೌದು ಎಂದರು, 1 ಮತ ಅಸಿಂಧು.

ಈ ಲೆಕ್ಕ ನಮಗೆ ಬಹಳ ಹಿಡಿಸಿತು. ಬೇಡ ಎಂದು ತೀರ್ಮಾನವಾಯಿತು ಎಂಬುದಕ್ಕಲ್ಲ. ಒಂದೇ ಕಸುಬಿನ, ಒಂದೇ ಜಿಲ್ಲೆಯ ಜನ ಎರಡೂ ಕಡೆ ಕೇಳಿಸಿಕೊಂಡ ಮೇಲೂ ಎಲ್ಲರೂ ಒಂದೇ ಕೂಗು ಹಾಕಲಿಲ್ಲ ಎಂಬುದಕ್ಕೆ. ಬೇಡ ಎಂದವರೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. ರೈತರನ್ನು ಸೇರಿಸಿಕೊಂಡು ಹೊಲದಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿ ತೋರಿಸಿ ಎಂಬ ಷರತ್ತು ಅವರದು. ಹೊಸ ಬಾಣಸಿಗನನ್ನು ನಾವು ಇದಕ್ಕಿಂತ ಬೇರೆ ರೀತಿ ತೆಗೆದುಕೊಳ್ಳುತ್ತೇವೆಯೇ? ಸರ್ಟಿಫಿಕೇಟು ಎಷ್ಟೇ ಇರಲಿ, ನಾಲ್ಕು ದಿನ ಒಲೆಯ ಮುಂದೆ ನಿಲ್ಲಿಸಿ ನೋಡುತ್ತೇವೆ.

ಜನ ಒಪ್ಪಬೇಕಾದರೆ ಜನರಿಗೆ ತಿಳಿವಳಿಕೆ ಕೊಡಬೇಕು ಎಂದು ದೊಡ್ಡ ದೊಡ್ಡ ಸಮಿತಿಗಳು ಬರೆಯುತ್ತವೆ. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧ ಮಾತು. ಮೊದಲೇ ಕರೆದು ಕೇಳಿದವನಿಗೆ ತಿಳಿವಳಿಕೆ ತಾನಾಗಿ ಬರುತ್ತದೆ. ಕೊನೆಯಲ್ಲಿ ಕರೆದವನಿಗೆ ಎಷ್ಟು ಹೇಳಿದರೂ ಸಂಶಯ ಹೋಗುವುದಿಲ್ಲ.

ನಮ್ಮ ಎಣ್ಣೆ ಡಬ್ಬಿ

ಈಗ ನಿಜವಾಗಿ ನಮ್ಮ ಕಾಲಬುಡಕ್ಕೆ ಬರುವ ವಿಷಯ. ಬದನೆ ಬರಲಿಲ್ಲ, ಆದ್ದರಿಂದ ನಮ್ಮ ಅಡುಗೆಮನೆಯಲ್ಲಿ ಕುಲಾಂತರಿ ಇಲ್ಲ ಎಂದು ತಿಳಿದವರು ಎಣ್ಣೆಯನ್ನು ಮರೆತಿದ್ದಾರೆ. ದೇಶದಲ್ಲಿ ಬೆಳೆಯುವ ಹತ್ತಿಯ ನೂರರಲ್ಲಿ ತೊಂಬತ್ತು ಪಾಲಿಗೂ ಮಿಕ್ಕಿ ಬಿಟಿ ಹತ್ತಿ. ಹತ್ತಿ ಬಟ್ಟೆಗೆ ಹೋದರೆ ಬೀಜ ಗಾಣಕ್ಕೆ ಹೋಗುತ್ತದೆ. ಗುಜರಾತ್, ಮಹಾರಾಷ್ಟ್ರದಲ್ಲಿ ಫರಸಾಣ ಕರಿಯಲು ಹತ್ತಿಬೀಜದ ಎಣ್ಣೆ ಎಷ್ಟು ನಡೆಯುತ್ತದೆ ಎಂದು ನಮಗೆಲ್ಲ ಗೊತ್ತಿದೆ. ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್ ದೇಶಗಳಿಂದ ಹಡಗುಗಟ್ಟಲೆ ಬರುತ್ತದೆ. ಅಲ್ಲಿಯ ಸೋಯಾ ಬಹುಪಾಲು ಕುಲಾಂತರಿ. ಚೆನ್ನಾಗಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನಾಗಲಿ ವಂಶವಾಹಿಯಾಗಲಿ ಹೆಚ್ಚುಕಡಿಮೆ ಉಳಿಯುವುದಿಲ್ಲ, ಆದ್ದರಿಂದ ಭಯಪಡಬೇಕಾದ್ದಿಲ್ಲ ಎಂದು ತಜ್ಞರು ಹೇಳುತ್ತಾರೆ. ಅದನ್ನು ನಾವೂ ಒಪ್ಪುತ್ತೇವೆ. ಆದರೆ ಭಯ ಬೇರೆ, ಸತ್ಯ ಹೇಳುವುದು ಬೇರೆ.

ಕಳೆದ ಹಂಗಾಮಿನಲ್ಲಿ ಡೊಂಬಿವ್ಲಿಯ ಒಬ್ಬ ಪಾರ್ಟಿ ಉಪನಯನದ ಆರ್ಡರು ಕೊಡಲು ಬಂದವರು ಕೊಟೇಶನ್ನಿನಲ್ಲಿ 'ಕುಲಾಂತರಿ ರಹಿತ ಅಡುಗೆ' ಎಂದು ಬರೆದು ಸಹಿ ಮಾಡಿ ಎಂದರು. ಇನ್ನೊಬ್ಬ ಕ್ಯಾಟರರು ಬರೆದು ಕೊಟ್ಟಿದ್ದಾರಂತೆ. ನಾವು ಎಣ್ಣೆಯ ವಿಷಯ ವಿವರಿಸಿ, ತರಕಾರಿ ಮಟ್ಟಿಗೆ ಅನುಮತಿ ಪಡೆದ ಕುಲಾಂತರಿ ತರಕಾರಿ ದೇಶದಲ್ಲಿ ಇಲ್ಲ ಎಂದು ಹೇಳಬಲ್ಲೆವು, ಎಣ್ಣೆ ಬೇಕಾದರೆ ಗಾಣದ ಶೇಂಗಾ ಎಣ್ಣೆ ಅಥವಾ ತೆಂಗಿನೆಣ್ಣೆ ಬಳಸುತ್ತೇವೆ, ದರ ಇಷ್ಟು ಹೆಚ್ಚಾಗುತ್ತದೆ, ಆದರೆ ಬೇಕರಿ ಮಾಲಿಗೆ, ಹೊರಗಿನ ಫರಸಾಣಕ್ಕೆ ಸಹಿ ಹಾಕಲಾರೆವು ಎಂದೆವು. ಆರ್ಡರು ಹೋಯಿತು. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ, ಮುನ್ನೂರು ಎಲೆಯ ಆರ್ಡರು. ಆದರೆ ಸಹಿ ಹಾಕಿದ ಕಾಗದ ನಾಳೆ ಯಾರ ಕೈಯಲ್ಲಿರುತ್ತದೆ ಎಂದು ಯೋಚಿಸಿ. 2006ರ ಆಹಾರ ಸುರಕ್ಷತಾ ಕಾಯಿದೆಯ 22ನೆಯ ಕಲಮು ಕುಲಾಂತರಿ ಆಹಾರವನ್ನು ನಿಯಮ ಮೀರಿ ತಯಾರಿಸುವುದಕ್ಕೂ ಮಾರುವುದಕ್ಕೂ ಹಂಚುವುದಕ್ಕೂ ತಡೆ ಹಾಕುತ್ತದೆ. ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್‌ವಿರಾನ್ಮೆಂಟ್ 2018ರಲ್ಲಿ ಅಂಗಡಿಯಿಂದ 65 ಮಾದರಿ ತಂದು ಪರೀಕ್ಷಿಸಿದಾಗ ನೂರಕ್ಕೆ 32ರಲ್ಲಿ ಕುಲಾಂತರಿ ಅಂಶ ಸಿಕ್ಕಿತ್ತು. ಹೆಚ್ಚಿನವು ಹೊರದೇಶದ ಮಾಲು.

ಆಹಾರ ಸುರಕ್ಷತಾ ಪ್ರಾಧಿಕಾರ 2021ರ ನವೆಂಬರಿನಲ್ಲಿ ಒಂದು ಕರಡು ನಿಯಮ ಹೊರಡಿಸಿತು. ನೂರಕ್ಕೆ ಒಂದು ಪಾಲು ಅಥವಾ ಹೆಚ್ಚು ಕುಲಾಂತರಿ ಅಂಶ ಇದ್ದರೆ ಪ್ಯಾಕೆಟ್ಟಿನ ಮೇಲೆ ಬರೆಯಬೇಕು ಎಂದು ಅದರಲ್ಲಿತ್ತು. ಇಂಥ ಕರಡು ಬಂದಾಗ ಸಾರ್ವಜನಿಕರು ಆಕ್ಷೇಪ, ಸಲಹೆ ಕಳುಹಿಸಬಹುದು. ಪ್ಯಾಕೆಟ್ಟಿಗೆ ಲೇಬಲ್ ಸರಿ, ಬಾಳೆಎಲೆಯ ಮೇಲೆ ಲೇಬಲ್ ಎಲ್ಲಿ ಹಚ್ಚುವುದು, ಟೆಂಪೋದಲ್ಲಿ ಬರುವ 15 ಕಿಲೋ ಡಬ್ಬಿಯ ಮೇಲೆ ಏನು ಬರೆದಿರಬೇಕು, ಜವಾಬ್ದಾರಿ ಎಣ್ಣೆ ಮಿಲ್ಲಿನದೋ ನಮ್ಮದೋ ಎಂದು ಕೇಳಬೇಕಾದವರು ನಾವೇ. ಸಾಸಿವೆಯ ವಿಷಯವೂ ಬಾಕಿ ಇದೆ. 2022ರ ಅಕ್ಟೋಬರಿನಲ್ಲಿ ಕುಲಾಂತರಿ ಸಾಸಿವೆಗೆ ಜಿಇಎಸಿ ಒಪ್ಪಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನಲ್ಲಿ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅದನ್ನು ರದ್ದು ಮಾಡಬೇಕೆಂದರು, ಜೊತೆಗಿದ್ದ ನ್ಯಾಯಮೂರ್ತಿ ಸಂಜಯ್ ಕರೋಲ್ ಸರಿಯಿದೆ ಎಂದರು. ಆದರೆ ರೈತರನ್ನೂ ರಾಜ್ಯಗಳನ್ನೂ ತಜ್ಞರನ್ನೂ ಕೇಳಿ ರಾಷ್ಟ್ರೀಯ ನೀತಿ ಮಾಡಿ ಎಂಬಲ್ಲಿ ಇಬ್ಬರೂ ಒಂದಾದರು. ಒಗ್ಗರಣೆ ಹಾಕುವವರೂ ಆ ಸಾಲಿನಲ್ಲಿ ಇರಬೇಕು ಎಂದು ನಮ್ಮ ಆಸೆ.

ಆದ್ದರಿಂದ ಠಾಕುರ್ಲಿ, ಡೊಂಬಿವ್ಲಿ, ಕಲ್ಯಾಣ ಕಡೆಯ ನಾವು ಐದಾರು ಮಂದಿ ಸ್ವಯಂಪ್ರೇರಣೆಯಿಂದ ಒಂದು ಚಿಕ್ಕ ಸಮಿತಿ ಮಾಡಿಕೊಂಡಿದ್ದೇವೆ. ಚಂದಾ ಇಲ್ಲ, ಪದಾಧಿಕಾರಿಗಳಿಲ್ಲ. ಪರ ಇರುವವರೂ ಬನ್ನಿ, ವಿರೋಧ ಇರುವವರೂ ಬನ್ನಿ. ಮೊದಲ ಕೆಲಸವಾಗಿ ಎರಡು ವಿಷಯ ಹಿಡಿದಿದ್ದೇವೆ. ಒಂದು, ನಮ್ಮ ಮಹಾನಗರಪಾಲಿಕೆಯ ಜೀವವೈವಿಧ್ಯ ಸಮಿತಿಯಲ್ಲಿ ಈಗ ಯಾರಿದ್ದಾರೆ, ಅವರ ದಾಖಲೆ ಪುಸ್ತಕದಲ್ಲಿ ಏನಿದೆ ಎಂದು ಅರ್ಜಿ ಕೊಟ್ಟು ಕೇಳುವುದು. ಎರಡು, ನಾವು ಕೊಳ್ಳುವ ಎಣ್ಣೆ ಯಾವ ಬೀಜದ್ದು, ಎಲ್ಲಿಂದ ಬಂದದ್ದು ಎಂದು ಪ್ರತಿ ಸಪ್ಲೈಯರಿನಿಂದ ಬರವಣಿಗೆಯಲ್ಲಿ ಪಡೆಯುವುದು. ಪ್ರತಿ ತಿಂಗಳ ಮೊದಲ ಮಂಗಳವಾರ ಮಧ್ಯಾಹ್ನ ಊಟದ ಗಡಿಬಿಡಿ ಮುಗಿದ ಮೇಲೆ, ಮೂರೂವರೆಗೆ ಸೇರುತ್ತೇವೆ. ಬರುವವರು ತಮ್ಮ ಎಣ್ಣೆ ಡಬ್ಬಿಯ ಲೇಬಲ್ಲನ್ನು ಕತ್ತರಿಸಿ ತರಬೇಕು, ಬಿಲ್ಲಿನ ಪ್ರತಿಯೂ ಇರಲಿ. ಚಹಾ, ಬನ್ಸ್ ನಮ್ಮ ಕಡೆಯಿಂದ.